ಒಂದು ಕಿಲೋ ಸುಳ್ಳು

ನಮ್ಮ ಸರ್ಕಾರಿ ಪೋಷಣಾ ಕೇಂದ್ರದಲ್ಲಿ ಮಕ್ಕಳನ್ನು ತೂಗುವವಳನ್ನು ಎಲ್ಲರೂ ತೂಕದಕ್ಕ ಎನ್ನುತ್ತಿದ್ದರು. ಅಲ್ಲಿ ಅಡುಗೆಯವಳಾದ ನಾನು ಹದಿನಾರು ವರ್ಷ ಅವಳ ಬೈಗುಳ ತಿಂದಿದ್ದೇನೆ. ಕೋಪ ಮೂಗಿನ ತುದಿಯಲ್ಲೇ. ಅವಳಿಗೆ ಮಕ್ಕಳಿಲ್ಲ, ಕೂಸು ಕೈಗೆ ಬಂದರೆ ಮಾತ್ರ ಬೆಣ್ಣೆಯಾಗಿಬಿಡುತ್ತಿದ್ದಳು.

ತೂಗುವ ಜೋಲಿಯಲ್ಲಿ ರಂಪ ಮಾಡುವ ಮಕ್ಕಳಿಗೆ ಅವಳದೊಂದು ಉಪಾಯವಿತ್ತು. ಮಗುವನ್ನೆತ್ತಿಕೊಂಡು ತಾನೇ ದೊಡ್ಡ ಯಂತ್ರ ಹತ್ತುವುದು, ಬಂದದ್ದರಲ್ಲಿ ತನ್ನ ಐವತ್ತೆರಡು ಕಿಲೋ ಕಳೆಯುವುದು. ಟೈಲರ್ ಹೆಂಗಸಿನ ಒಂದೂವರೆ ವರ್ಷದ ಮಗಳು ಹೀಗೆ ಅವಳ ಕತ್ತಿಗೆ ಜೋತುಬಿದ್ದದ್ದು ಬಿಡಲೇ ಇಲ್ಲ. ಬಟ್ಟೆಗೆ ಕಚ್ಚಿಕೊಂಡರೆ ಬಿಡದ ಕಾಡುಬೀಜದಂತೆ ಎಂದು ನಾನು ಅದಕ್ಕೆ ಅಂಟುಪುರಲೆ ಎಂದು ಹೆಸರಿಟ್ಟೆ. ತೂಕ ಕಡಿಮೆಯಿರುವ ಮಕ್ಕಳು ಮಾತ್ರ ವಾರವಾರ ಬಂದು ಹೆಚ್ಚಿನ ಹಿಟ್ಟು ಒಯ್ಯುತ್ತಾರೆ. ಸರಿಹೋದರೆ ಬರುವುದು ನಿಲ್ಲುತ್ತದೆ. ಬುಧವಾರ ಬಂತೆಂದರೆ ತೂಕದಕ್ಕ ಇಸ್ತ್ರಿ ಸೀರೆ ಉಟ್ಟು ಬಾಗಿಲು ನೋಡುತ್ತಿದ್ದಳು.

ಮಗು ಕೆನ್ನೆ ತುಂಬಿಕೊಂಡರೂ ಐದು ವಾರ ಕಾರ್ಡಿನಲ್ಲಿ ತೂಕ ಏರಲಿಲ್ಲ. ಒಂದು ದಿನ ಅವಳ ಬಾಯಿಲೆಕ್ಕ ನನ್ನ ಕಿವಿಗೆ ಬಿತ್ತು. ಐವತ್ತೆರಡರ ಬದಲು ಐವತ್ತಮೂರು ಕಳೆಯುತ್ತಿದ್ದಳು! ಕೇಳಿದರೆ ತಾನು ದಪ್ಪಗಾಗಿದ್ದೇನೆ ಎಂದಳು. ದಪ್ಪವಂತೆ, ಬಳೆ ಮೊಣಕೈವರೆಗೆ ಜಾರುತ್ತಿತ್ತು. ಬುಧವಾರ ಬಾಗಿಲು ನೋಡುವ ಅವಳ ಮುಖ ನೆನೆದು ನಾನೂ ಸುಮ್ಮನಾದೆ. ಅದು ನನ್ನ ತಪ್ಪು.

ಮುಂದಿನ ವಾರ ತಾಯಿ ಮಗುವನ್ನು ತೂಕಕ್ಕೆ ಕೊಟ್ಟು ಗೋಡೆ ಹಿಡಿದು ಕುಸಿದಳು. ಹಾಲೂಡಿಸುವವಳೆಂದು ತನಗೆ ಕೊಟ್ಟ ಪಾಲನ್ನೂ ಮಗಳಿಗೇ ತಿನ್ನಿಸುತ್ತಿದ್ದಳಂತೆ.

"ಎಷ್ಟು ತಿನ್ನಿಸಿದ್ರೂ ಮೈ ಹತ್ತಲ್ವಲ್ಲ ಅಕ್ಕ. ನನ್ನ ಹಾಲಲ್ಲೇ ಸತ್ವ ಇಲ್ವೇನೋ."

ತೂಕದಕ್ಕ ಯಂತ್ರದ ಮೇಲೆ ಹಾಗೇ ನಿಂತಿದ್ದಳು, ಮಗುವಿನ ಕೈ ಅವಳ ಕತ್ತಿನಲ್ಲಿ. ಇಳಿಯಲು ಬಹಳ ಹೊತ್ತು ಹಿಡಿಯಿತು.

"ನಿನ್ನ ಹಾಲಿಗೇನೂ ಆಗಿಲ್ಲ ಕಣಮ್ಮ. ಸುಳ್ಳು ಬರ್ದಿದ್ದು ನಾನು. ನಿನ್ನ ಮಗಳು ಯಾವಾಗ್ಲೋ ಸರಿಹೋಗಿದ್ಲು. ಇವಳು ಬರೋದು ನಿಂತುಹೋಗುತ್ತೆ ಅಂತ ಹೀಗ್ ಮಾಡ್ದೆ."

ತಾಯಿ ಬೈದಿದ್ದರೆ ಚೆನ್ನಾಗಿತ್ತು. ಮಗುವನ್ನು ಕಿತ್ತುಕೊಂಡಳು, ಅಷ್ಟೆ. ಅದರ ಮುಷ್ಟಿಯಿಂದ ತೂಕದಕ್ಕನ ಸೆರಗು ಬಿಡಿಸಲು ನಾನು ಹೋಗಬೇಕಾಯಿತು.

ಮೇಲಿನವರಿಗೂ ತೂಕದಕ್ಕ ತಾನೇ ಹೇಳಿದಳು. ಅವರು ಅವಳನ್ನು ಉಗ್ರಾಣಕ್ಕೆ ಹಾಕಿದರು. ಈಗ ಅವಳ ಕೈಗೆ ಮಕ್ಕಳು ಬರುವುದಿಲ್ಲ. ಬುಧವಾರದ ಇಸ್ತ್ರಿ ಸೀರೆ ಮಾತ್ರ ತಪ್ಪಿಲ್ಲ. ಹಿಟ್ಟಿನ ಚೀಲಗಳನ್ನು ಒಳಗಿನಿಂದ ಒಂದೊಂದಾಗಿ ಸೊಂಟದ ಮೇಲೆತ್ತಿಕೊಂಡು ತರುತ್ತಾಳೆ.