ಹಾಡಿನೊಳಗಿನ ಮೇಷ್ಟ್ರು

ಏಪ್ರಿಲ್ ತಿಂಗಳ ಕೊನೆಯ ಶನಿವಾರ, ಬೆಳಿಗ್ಗೆ ಏಳೂ ಹತ್ತು. ಸ್ಥಳ: ಸ್ವೀಡನ್ನಿನ ಸೊಲ್ಲೆಂಟುನಾ, ಮಗಳ ಮನೆಯ ಅಡುಗೆಮನೆ. ಹಾಜರಿದ್ದವರು: ನಾನು, ಹನ್ನೆರಡು ವರ್ಷದ ಮೊಮ್ಮಗಳು ಅನ್ವಿ ಮತ್ತು ನನ್ನ ಭಯ. ತುಮಕೂರಿನ ಹೈಸ್ಕೂಲಿನಲ್ಲಿ ಮೂವತ್ತೆಂಟು ವರ್ಷ ಹಾಜರಿ ಕರೆದವನು ನಾನು. ಬಂದು ಕೂತವರನ್ನು ಬಂದಿಲ್ಲ ಎಂದು ಬರೆಯಲಾರೆ.

ಭಯ ಹುಟ್ಟಿದ್ದು ಒಂದು ಹಾಡಿನಿಂದ. ಅಮೆರಿಕದ ಒಂದು ರಾಜ್ಯದ ಹಳೆಯ ನಾಡಗೀತೆ ಅದು. ಬಾಲ್ಯದಲ್ಲಿ ನನ್ನ ಮೇಷ್ಟ್ರು ಹಾರ್ಮೋನಿಯಂ ಒತ್ತುತ್ತ ಕಲಿಸಿದ್ದರು. ಮುದುಕನೊಬ್ಬ ಹುಟ್ಟಿದ ನೆಲಕ್ಕೆ, ತನ್ನ ಹಳೆಯ ‘ಮಾಸ್ಟರ್’ ಬಳಿಗೆ ಮರಳಲು ಹಂಬಲಿಸುತ್ತಾನೆ. ಮಾಸ್ಟರ್ ಎಂದರೆ ಮೇಷ್ಟ್ರು, ಇನ್ನೇನು? ನಮ್ಮಲ್ಲಿ ಹೆಡ್‌ಮಾಸ್ಟರ್, ಡ್ರಿಲ್ ಮಾಸ್ಟರ್, ಟೈಲರ್ ಮಾಸ್ಟರ್ ಎಲ್ಲರೂ ಇದ್ದಾರೆ. ಸ್ಟೇಷನ್ ಮಾಸ್ಟರು ರೈಲಿನ ಒಡೆಯರೇನಲ್ಲ. ಮೇಷ್ಟ್ರು ನಿವೃತ್ತರಾದ ದಿನ ಅದನ್ನೇ ಹಾಡಿ ಅತ್ತೆ. ಆಮೇಲೆ ಕನ್ನಡಕ್ಕೆ ತಂದು ಪ್ರತಿ ವರ್ಷ ಶಿಕ್ಷಕರ ದಿನಾಚರಣೆಗೆ ಹಾಡಿಸಿದೆ. ನಾನು ಗಣಿತದವನು, ಉತ್ತರ ಸರಿಯೆನಿಸಿದ ಮೇಲೆ ಲೆಕ್ಕವನ್ನು ಮತ್ತೆ ನೋಡಿದವನಲ್ಲ.

ಈಗ ಇಲ್ಲಿಯ ಕನ್ನಡ ಕೂಟದ ಹನ್ನೊಂದು ಮಕ್ಕಳಿಗೆ ಆರು ವಾರ ಅದನ್ನೇ ಕಲಿಸಿದ್ದೆ. ಸಾಲಾಗಿ ನಿಲ್ಲಿಸಿ, ವಿಸಿಲ್ ಊದಿ. ಕಾರ್ಯಕ್ರಮ ಮಧ್ಯಾಹ್ನ ಮೂರಕ್ಕೆ. ಸಾಲದ್ದಕ್ಕೆ ನಮ್ಮದೇ ಕಟ್ಟಡದ ಮೂರನೆಯ ಮಹಡಿಯ ರೂತ್ ಅವರನ್ನೂ ಕರೆದಿದ್ದೆ. ಅವರು ಅಮೆರಿಕದ ಕಪ್ಪು ಜನಾಂಗದವರು, ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಾರೆ, ಹುಟ್ಟಿದ್ದು ಅದೇ ರಾಜ್ಯದಲ್ಲಿ. ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಸಿಕ್ಕಾಗ, “ನಿಮ್ಮ ರಾಜ್ಯದ ಹಾಡು, ತಪ್ಪದೆ ಬನ್ನಿ” ಎಂದು ಹಾಡಿನ ಹೆಸರು ಹೇಳಿದ್ದೆ. ಅವರು ಕೈಯಲ್ಲಿದ್ದ ಟವೆಲನ್ನು ಎರಡು ಸಲ ಮಡಚಿದರು. ಮನಸ್ಸು ತುಂಬಿ ಬಂದಿರಬೇಕು ಎಂದುಕೊಂಡೆ.

ನಿನ್ನೆ ಸಂಜೆ ಅನ್ವಿ ಫೋನಿನಲ್ಲಿ ಏನೋ ಓದಿ ಬಂದು ನಿಂತಳು.

“ಅಜ್ಜ, ಇದು ಟೀಚರ್ ಅಲ್ಲ. ಓನರ್. ಆ ಮನುಷ್ಯ ಸ್ಲೇವ್ ಆಗಿದ್ದವನು.”

ಗುಲಾಮಗಿರಿಯನ್ನು ಸಿಹಿ ನೆನಪು ಮಾಡುವ ಹಾಡೆಂದು ದೂರು ಬಂದು, ಆ ರಾಜ್ಯವೇ ಅದನ್ನು ನಾಡಗೀತೆಯ ಪಟ್ಟದಿಂದ ಇಳಿಸಿದೆಯಂತೆ. ಬರೆದವನೂ ಕಪ್ಪು ಮನುಷ್ಯನೇ, ಅವನ ವ್ಯಂಗ್ಯ ನಿಮಗೆ ತಿಳಿಯಲಿಲ್ಲ ಎನ್ನುವವರೂ ಇದ್ದಾರಂತೆ. ನನಗೆ ಕಾಣುತ್ತಿದ್ದದ್ದು ಆ ಟವೆಲ್ ಒಂದೇ.

“ಹಂಗಾದ್ರೆ ಮೇಷ್ಟ್ರು ಎಲ್ಲೂ ಇಲ್ವಾ?” ಎಂದೆ.

“ಇಲ್ಲ ಅಜ್ಜ. ಆದ್ರೆ ಆ ಓನರ್ ಹತ್ರನೂ ವಿಸಿಲ್ ಇತ್ತೇನೋ,” ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಈ ದೇಶದಲ್ಲಿ ಇನ್ನೊಬ್ಬರ ಬಟ್ಟೆ ಒಗೆಯುವ ಸರದಿಯಲ್ಲಿ ಆ ಕೋಣೆಗೆ ಕಾಲಿಡುವುದು ದೊಡ್ಡ ಅಪಚಾರ. ಬಾಗಿಲಿನ ಪಟ್ಟಿಯಲ್ಲಿ ಏಳರಿಂದ ಹತ್ತರವರೆಗೆ ರೂತ್ ಹೆಸರಿತ್ತು. ಎಂಟು ಗಂಟೆಗೆ ಇಳಿದು ಹೋದೆ. ಹೆಡ್‌ಮಾಸ್ಟರ ಕೋಣೆಯ ಹೊರಗೆ ನಾನು ನಿಲ್ಲಿಸುತ್ತಿದ್ದ ಹುಡುಗರಿಗೆ ಹೇಗಿರುತ್ತಿತ್ತೆಂದು ಮೊದಲ ಸಲ ತಿಳಿಯಿತು.

ಹೇಳಬೇಕಾದದ್ದನ್ನು ಹೇಳಿದೆ: ನಮ್ಮ ಭಾಷೆಯಲ್ಲಿ ಮಾಸ್ಟರ್ ಎಂದರೆ ಪಾಠ ಹೇಳುವವನು, ನಾನು ಮೋಸಹೋದೆ. ಅವರು ಮೆಷಿನ್ನಿನ ಗಾಜನ್ನೇ ನೋಡುತ್ತಿದ್ದರು. ಕೊನೆಗೆ ಇಂಗ್ಲಿಷಿನಲ್ಲಿ, ಈ ಹಾಡು ಬಂದರೆ ಅಜ್ಜಿ ರೇಡಿಯೋ ಆರಿಸುತ್ತಿದ್ದರು, ಅಜ್ಜಿಯ ತಮ್ಮ ಮತ್ತೆ ಹಾಕುತ್ತಿದ್ದ, ಇಬ್ಬರೂ ಒಂದೇ ಮೇಜಿನಲ್ಲಿ ಊಟ ಮಾಡುತ್ತಿದ್ದರು ಎಂದರು. “ನಾನು ಬರುತ್ತೇನೆ. ಮುಂದಿನ ಸಾಲಿನಲ್ಲಿ ಕೂರುವುದೋ ಬಾಗಿಲ ಬಳಿಯೋ ಎಂಬುದನ್ನು ಅಲ್ಲಿ ಬಂದು ನೋಡುತ್ತೇನೆ.”

ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ.

ಮೂರು ಗಂಟೆಗೆ ಅವರು ಬಂದು ಬಾಗಿಲ ಬಳಿ ಕೂತರು. ನಾನು ವೇದಿಕೆ ಹತ್ತಿ, ಹಾಡು ಇಲ್ಲ, ಯಾಕೆ ಇಲ್ಲವೆಂದರೆ ಹೀಗೆ ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹೇಳಿದೆ. ಹಿಂದಿನಿಂದ ಯಾರೋ, “ಆರು ವಾರದ ರಿಹರ್ಸಲ್ ಇದಕ್ಕಾ, ಸರ್?” ಎಂದರು. ಹೌದು, ಇದಕ್ಕೇ. ಮಕ್ಕಳು ತಮಗೆ ಗೊತ್ತಿದ್ದ ಇನ್ನೊಂದು ಹಾಡು ಹಾಡಿದರು, ಶ್ರುತಿ ತಪ್ಪಿ, ಬಹಳ ಖುಷಿಯಿಂದ. ಫೀಕಾಗೆ, ಅಂದರೆ ಇಲ್ಲಿಯವರ ಕಾಫಿ-ತಿಂಡಿಯ ಬಿಡುವಿಗೆ, ಎದ್ದಾಗ ನೋಡಿದೆ, ರೂತ್ ಮಧ್ಯದ ಸಾಲಿಗೆ ಬಂದು ಕೂತಿದ್ದರು. ಯಾವಾಗ ಬಂದರೋ ತಿಳಿಯದು.

ನನ್ನ ಭಯ ಮಾತ್ರ ಎದ್ದು ಹೋಗಲಿಲ್ಲ, ಜಾಗ ಬದಲಿಸಿತು ಅಷ್ಟೆ. ಮೂವತ್ತೆಂಟು ವರ್ಷದ ಹುಡುಗರಲ್ಲಿ ಎಷ್ಟು ಜನಕ್ಕೆ ನಾನು ಮೇಷ್ಟ್ರು, ಎಷ್ಟು ಜನಕ್ಕೆ ಆ ಇನ್ನೊಂದು ಅರ್ಥ?

ಸಭಾಂಗಣ ಖಾಲಿಯಾಯಿತು. ನನ್ನ ನಿಯಮದಂತೆ ಕುರ್ಚಿಗಳೆಲ್ಲ ಗೋಡೆ ಸೇರುವತನಕ ಯಾರೂ ಹೊರಡುವಂತಿಲ್ಲ. ಹಾಡುವ ಮಕ್ಕಳ ಸಾಲಿನ ತುದಿಯ ಪುಟ್ಟ ಮೇಘಾ ಕುರ್ಚಿಗೆ ಒರಗಿ ನಿಂತು ನನ್ನ ಕೊರಳಿನ ವಿಸಿಲನ್ನೇ ನೋಡುತ್ತ ಕೇಳಿದಳು: “ಮೇಷ್ಟ್ರೇ, ಮನೆಗೆ ಹೋಗ್ಲಾ?”

“ಹೋಗಮ್ಮ,” ಎಂದೆ.

ಒಂಬತ್ತು ಕುರ್ಚಿ ಉಳಿದಿದ್ದವು. ನಾನೇ ಎತ್ತಿಟ್ಟೆ.