ಚೀನಾ ತನಿಯಪ್ಪನವರು

ಇಂಗ್ಲೆಂಡಿನ ಸೊಲಿಹಲ್‌ನಲ್ಲಿ ವಿಡಿಯೋ ಗೇಮ್ ಡಿಸ್ಕ್‌ಗಳ ಅಂಗಡಿ ಇಟ್ಟಿದ್ದ ತನಿಯಪ್ಪನವರು ಚೀನಾಕ್ಕೆ ಒಮ್ಮೆಯೂ ಹೋದವರಲ್ಲ. ಆದರೂ ಆ ದೇಶದ ನಾಳೆಯನ್ನು ತಮ್ಮಷ್ಟು ಬಲ್ಲವರು ಬರ್ಮಿಂಗ್‌ಹ್ಯಾಮಿನ ಸುತ್ತ ಇನ್ನೊಬ್ಬರಿಲ್ಲವೆಂದು ತಾವೇ ಹೇಳಿಕೊಳ್ಳುತ್ತಿದ್ದರು. ಗೃಹಪ್ರವೇಶವಿರಲಿ, ನಾಮಕರಣವಿರಲಿ, ಇಡ್ಲಿಯ ತಟ್ಟೆ ಹಿಡಿದು ಯಾರದಾದರೂ ದಾರಿಗೆ ಅಡ್ಡ ನಿಲ್ಲುವರು. "ಅಲ್ಲಿ ಡಿಸ್ಕ್ ಯಾರೂ ತಗೊಳ್ಳೋದಿಲ್ಲ ಡಾಕ್ಟ್ರೇ! ಕಂಪ್ಯೂಟರಲ್ಲೇ ಆಟ, ಆಟ ಬಿಟ್ಟಿ. ಆಟದೊಳಗಿನ ಕತ್ತಿಗೆ, ಕುದುರೆಗೆ ಮಾತ್ರ ದುಡ್ಡು. ನಮ್ಮ ಟಿವಿಡೇಲ್ ಬಾಲಾಜಿ ದೇವಸ್ಥಾನದ ಹಾಗೇ ಮಾರಾಯ್ರೇ, ದರ್ಶನ ಫ್ರೀ, ಅರ್ಚನೆಗೆ ಟಿಕೆಟ್. ಹತ್ತು ವರ್ಷಕ್ಕೆ ಇಲ್ಲೂ ಅಷ್ಟೇ, ಬರೆದಿಟ್ಕೊಳ್ಳಿ!" ಡಾಕ್ಟರ್ ಹರಿಪ್ರಸಾದರಿಗೆ ಈ ಪುರಾಣ ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿತ್ತು. ಇಲ್ಲದ ಕತ್ತಿಗೆ ದುಡ್ಡು ಕೊಡುವ ಮೂರ್ಖ ಯಾವ ದೇಶದಲ್ಲೂ ಹುಟ್ಟಿಲ್ಲವೆಂಬುದು ಅವರ ನಂಬಿಕೆ. "ಹಾಗಿದ್ರೆ ನಿಮ್ಮ ಅಂಗಡಿ ಗತಿ ಏನ್ರೀ?" ಎಂದು ಅವರು ಎಲ್ಲರೆದುರು ಚುಚ್ಚಿದರೆ, ಚೀನಾದ ಭವಿಷ್ಯವನ್ನೆಲ್ಲ ಬಲ್ಲ ಮನುಷ್ಯ ಚಟ್ನಿ ಹಾಕಿಸಿಕೊಳ್ಳಲು ಹೊರಟುಬಿಡುವರು. ೨೦೦೭ರ ಒಂದು ಶನಿವಾರ ಟಿವಿಡೇಲ್ ದೇವಸ್ಥಾನದ ಅರ್ಚನೆಯ ಸಾಲಿನಲ್ಲಿ ಹರಿಪ್ರಸಾದರ ಮುಂದೆಯೇ ಅವರು ನಿಂತಿದ್ದರು. ಇಲ್ಲಿಯೂ ಚೀನಾ ತಪ್ಪಲಿಲ್ಲವೆಂದು ಡಾಕ್ಟರು ಮುಖ ಸಿಂಡರಿಸಿದರು. ತನಿಯಪ್ಪನವರು ಹಿಂದೆ ತಿರುಗಲೇ ಇಲ್ಲ. "ಯಾರ ಹೆಸರಿಗೆ?" ಎಂದು ಅರ್ಚಕರು ಕೇಳಿದರು. "ಅಂಗಡಿಗೆ," ಎಂದರು ತನಿಯಪ್ಪನವರು, ದನಿ ತಗ್ಗಿಸಿ. ಅರ್ಚಕರು ಮತ್ತೆ ಕೇಳಿದರು, "ಅಂಗಡಿಯ ನಕ್ಷತ್ರ?" "ರೋಹಿಣಿ. ಮೊದಲ ಸಲ ಬಾಗಿಲು ತೆಗೆದ ದಿನದ್ದು."