ಮಸಗುಪ್ಪಿಗೆ ಮಾತ್ರ ತಡವಾಗುತ್ತಿದ್ದ ಮೆಸೇಜ್

ಮೊನ್ನೆ ಗೋಕಾಕದ ಬಸ್ ಸ್ಟ್ಯಾಂಡ್ ಹತ್ತಿರ ಕಬ್ಬಿನ ಹಾಲು ಕುಡಿಯೋಣ ಅಂತ ನಿಂತೆ. ಗ್ಲಾಸು ಬಾಯಿಗೆ ಹೋಗುವ ಮೊದಲೇ ಮೂಗಿಗೆ ಹುಳಿ ವಾಸನೆ ಬಡಿಯಿತು. "ತಾಜಾ ಐತ್ರಿ, ಕುಡೀರಿ" ಅಂದ ಅಂಗಡಿಯವ. ಗ್ಲಾಸು ಅಲ್ಲೇ ಇಟ್ಟೆ. ಸುಟ್ಟ ಕಬ್ಬು ಗಾಣ ಕಾಣದೆ ಹೊಲದಲ್ಲೇ ಕೊಳೆತರೆ ಇದೇ ವಾಸನೆ. ಅದು ಬಂದರೆ ಸಾಕು, ಹಿಂದೆಯೇ ಒಬ್ಬ ಮನುಷ್ಯನ ಮುಖವೂ ಬರುತ್ತದೆ... ನಮ್ಮ ಕಂಪ್ಯೂಟರ್ ಸರ್.

ಎರಡು ಸಾವಿರನೇ ಇಸವಿಯ ಆಚೀಚಿನ ಮಾತು. ನಾನು ಒಂದು ಸಕ್ಕರೆ ಕಾರ್ಖಾನೆಯ ಮಸಗುಪ್ಪಿ ಆಫೀಸಿನಲ್ಲಿ ಗುಮಾಸ್ತ. ಗೋಕಾಕದ ಹೆಡ್ ಆಫೀಸಿನಲ್ಲಿ ಹೊಸ ವ್ಯವಸ್ಥೆ ಬಂದಿತ್ತು. ಯಾರ ಕಬ್ಬು ಯಾವಾಗ ಕಡಿಯಬೇಕು ಎಂಬ ಆದೇಶವನ್ನು ನಡುವಿನ ಒಂದು ಕಂಪ್ಯೂಟರ್ ತೆಗೆದುಕೊಂಡು ಕೊಣ್ಣೂರ, ದಡ್ಡಿ, ಮಸಗುಪ್ಪಿ ಆಫೀಸುಗಳಿಗೆ ಫೋನ್ ಲೈನಿನ ಮೇಲೆ ಹಂಚುತ್ತಿತ್ತು. ಅದನ್ನು ನಡೆಸುವವರು ಸರ್. ನನಗೆ ಮೌಸ್ ಹಿಡಿಯಲು ಕಲಿಸಿದವರೂ ಅವರೇ. "ಮಷೀನಿಗೆ ಜಾತಿ ಇಲ್ಲ, ಊರ ಇಲ್ಲ ತಮ್ಮಾ" ಅನ್ನುತ್ತಿದ್ದರು. ನಾನು ನಂಬಿದ್ದೆ. ವಶೀಲಿ ನಡೆಯಬಾರದು ಅಂತ ಕಾರ್ಖಾನೆಯವರು ಬಾಯಿಮಾತಿನ ಆದೇಶವನ್ನೇ ಆಗ ನಿಲ್ಲಿಸಿದ್ದರು.

ನಮ್ಮ ಆಫೀಸಿನ ಕಂಪ್ಯೂಟರ್ ಹಳೆಯದು. ಮೆಸೇಜುಗಳು ಒಟ್ಟಿಗೆ ಬಂದರೆ ಹ್ಯಾಂಗ್ ಆಗುತ್ತಿತ್ತು. ಹಾಗಾಗಿ ಮಸಗುಪ್ಪಿಗೆ ಹೋಗುವುದನ್ನು ಮಾತ್ರ ಸ್ವಲ್ಪ ಹೊತ್ತು ತಡೆದು ಬಿಡುವಂತೆ ಸರ್ ಮಾಡಿದ್ದರು. ಅದರಲ್ಲಿ ತಪ್ಪಿರಲಿಲ್ಲ. ಆಮೇಲೆ ನಮಗೆ ಹೊಸ ಕಂಪ್ಯೂಟರ್ ಬಂತು. ತಡೆ ಹೋಗಲಿಲ್ಲ, ಉದ್ದವಾಯಿತು. ಸಂಜೆಯ ಮೆಸೇಜು ಮರುದಿನ ಬೆಳಿಗ್ಗೆ ಬರತೊಡಗಿತು. ಸರ್ ಟೇಬಲ್ ಮೇಲೆ ಕೊಣ್ಣೂರ ಕಡೆಯವರು ತಂದಿಟ್ಟ ಕರದಂಟಿನ ಡಬ್ಬಿ ಖಾಲಿಯಾದದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ.

ತಡವಾದರೆ ಏನಾಯಿತು ಅನ್ನಬೇಡಿ. ಕಬ್ಬು ಕಡಿಯುವ ಗ್ಯಾಂಗಿನವರದ್ದು ಒಂದು ಪದ್ಧತಿ. ಆದೇಶ ಹಿಡಿದು ಮೊದಲು ಯಾರು ಬರುತ್ತಾರೋ ಅವರ ಕೈಯಿಂದ ಗ್ಯಾಂಗಿನ ಮೇಸ್ತ್ರಿ, ಮುಕಾದಮ, ತೆಂಗಿನಕಾಯಿ ತೆಗೆದುಕೊಂಡು ಒಡೆಯುತ್ತಾನೆ. ಒಡೆದ ಮೇಲೆ ಆ ಊರಿನ ಕಬ್ಬು ಮುಗಿಯುವ ತನಕ ದೇವರೇ ಕರೆದರೂ ಬೇರೆ ಕಡೆ ಹೋಗುವುದಿಲ್ಲ.

ನಮ್ಮ ಓಣಿಯ ಕಾಕಾ ಕುರಿ ಬಿಟ್ಟು ಹೊಲ ಹಿಡಿದವರು. ಮೊದಲ ಸಲ ಕಬ್ಬು ಹಚ್ಚಿದ್ದರು. ಕರೆಂಟಿನ ತಂತಿ ಹರಿದು ಬಿದ್ದು ಅದಕ್ಕೆ ಬೆಂಕಿ ಹತ್ತಿತು. ಸುಟ್ಟ ಕಬ್ಬನ್ನು ಬೇಗ ಕಡಿದು ಕಳಿಸಿದರೆ ಕಾರ್ಖಾನೆ ತೆಗೆದುಕೊಳ್ಳುತ್ತದೆ, ಬಿಟ್ಟರೆ ಹುಳಿಯುತ್ತದೆ. ಆಗ ಬಿಡುವಾಗಿದ್ದ ಗ್ಯಾಂಗ್ ಒಂದೇ. ಸಂಜೆಯಾದರೂ ಆದೇಶ ಬರಲಿಲ್ಲ. ಕಾಕಾನನ್ನು ಗಾಡಿ ಮೇಲೆ ಕೂರಿಸಿಕೊಂಡು ಗೋಕಾಕಕ್ಕೆ ಓಡಿದೆ.

ಸರ್ ಕರದಂಟು ತಿನ್ನುತ್ತಿದ್ದರು. ಪರದೆ ತೋರಿಸಿ, "ಕೊಣ್ಣೂರಿಂದು ಹೋತು, ದಡ್ಡಿದೂ ಹೋತು. ನಿಮ್ದು ಇಲ್ಲೇ ನಿಂತೈತಿ, ಮುಂಜಾನೆ ಬರತೈತಿ" ಅಂದರು.

"ಸರ್ರ, ನಮ್ಮಲ್ಲಿ ಹೊಸಾ ಮಷೀನ ಐತಲ್ರಿ. ಆ ತಡಿ ತೆಗೀರಿ."

"ತೆಗ್ಯಾಕ ಬರತೈತಿ. ಆದ್ರ ಮಸಗುಪ್ಪಿ ಲೈನೇ ಖರಾಬ್ ಐತಿ ಅಂತ ಮ್ಯಾಲಿನವ್ರಿಗೆ ಹೇಳೀನಿ. ಇವತ್ತ ಸರಳ ಹೋದ್ರ, ಇಷ್ಟ ದಿನಾ ಯಾಕ ತಡಾ ಆತು ಅಂತ ಕೇಳ್ತಾರಲ್ಲ ತಮ್ಮಾ?"

ಅಷ್ಟೇ. ತಮ್ಮ ಸುಳ್ಳು ಉಳಿಯಬೇಕು, ಕಬ್ಬು ಕೊಳೆತರೆ ಕೊಳೆಯಲಿ.

ಬಾಗಿಲಲ್ಲಿ ನಿಂತಿದ್ದ ಕಾಕಾನಿಗೆ ಇದೊಂದೂ ತಿಳಿಯಲಿಲ್ಲ. ಮಸಿ ಹತ್ತಿದ ಕೈ ಜೋಡಿಸಿ ಕಂಪ್ಯೂಟರಿಗೇ ನಮಸ್ಕಾರ ಮಾಡಿದರು. "ಯವ್ವಾ, ನಮ್ಮೂರಿಗೂ ಒಂದ ಸುದ್ದಿ ಕಳಸವ್ವಾ."

ಸರ್ ಬಾಯಲ್ಲಿದ್ದದ್ದು ಸಿಡಿಯುವಂತೆ ನಕ್ಕರು. "ಕಾಕಾ, ಬರಿಗೈಲೆ ಕೇಳಿದ್ರ ಹ್ಯಾಂಗ? ಕಾಯಿ ಒಡೀರಿ, ಕೇಳತೈತಿ."

ಕಾಕಾ ಚೀಲದಿಂದ ತೆಂಗಿನಕಾಯಿ ತೆಗೆದರು. ಮುಕಾದಮನಿಗೆ ಕೊಡಲು ತಂದದ್ದು. ಎಲ್ಲಿ ಒಡೆಯಲಿ ಅಂತ ನೆಲ ನೋಡುತ್ತಿದ್ದರು... ನಾನು ಕೈ ಹಿಡಿದು ಹೊರಗೆ ಕರೆತಂದೆ. ಒಳಗೆ ನಗು ಇನ್ನೂ ನಿಂತಿರಲಿಲ್ಲ. ಥೂ.

ನಾವು ಊರಿಗೆ ಮರಳುವಷ್ಟರಲ್ಲಿ ಗ್ಯಾಂಗು ಕೊಣ್ಣೂರಿನವರ ಕಾಯಿ ಒಡೆದಾಗಿತ್ತು. ನಮ್ಮ ಮೆಸೇಜು ಬೆಳಿಗ್ಗೆ ಬಂತು, 'ತುರ್ತು' ಅಂತ ಬರೆದುಕೊಂಡು. ಕಡಿಯುವವರು ಸಿಗುವ ಹೊತ್ತಿಗೆ ಹೊಲದ ವಾಸನೆ ಓಣಿಯವರೆಗೆ ಬಂದಿತ್ತು. ಹೆಡ್ ಆಫೀಸಿಗೆ ದೂರು ಕೊಟ್ಟೆ. ಲೈನಿನ ದೋಷ ಎಂಬ ಉತ್ತರ ಬಂತು. ಬರೆದವರು ಸರ್. ಕಾಕಾ ಮತ್ತೆ ಕಬ್ಬು ಹಚ್ಚಲಿಲ್ಲ. ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಮತ್ತೊಬ್ಬರ ಕುರಿಗಳ ಹಿಂದೆ ಹೋದರು. ತೀರಿಕೊಂಡು ಬಹಳ ವರ್ಷವಾಯಿತು. ಅವರು ಯಾರನ್ನೂ ಬೈದದ್ದು ನಾನು ಕೇಳಲಿಲ್ಲ. ಅದಕ್ಕೇ ನಾನು ಬೈಯುತ್ತಿದ್ದೇನೆ.

ಕಬ್ಬಿನ ಹಾಲು ಬಿಟ್ಟು ಬಂದ ದಿನವೇ ಸಂಜೆ ಹಳೆಯ ನೌಕರರ ಗ್ರೂಪಿನಲ್ಲಿ ಸುದ್ದಿ ಬಂತು. ಸರ್ ಹೋದರು. ಕೈಮುಗಿದ ಚಿತ್ರಗಳು, ದೀಪಗಳು, 'ನಮ್ಮ ಭಾಗಕ್ಕೆ ಕಂಪ್ಯೂಟರ್ ತಂದ ಪುಣ್ಯಾತ್ಮ'. ಮೌಸ್ ಮೇಲೆ ನನ್ನ ಬೆರಳು ಇಟ್ಟು ತೋರಿಸಿದ ಆ ಕೈ ನೆನಪಾಯಿತು. ಸುಳ್ಳು ಯಾಕೆ, ಎರಡು ಸಾಲು ಟೈಪ್ ಮಾಡಿದೆ. ಅಷ್ಟರಲ್ಲಿ ಕಾಯಿ ಹಿಡಿದು ನೆಲ ನೋಡುತ್ತಿದ್ದ ಕಾಕಾ ಕಣ್ಣ ಮುಂದೆ ಬಂದರು.

ಎಲ್ಲರ ಸಂತಾಪ ಆ ಮನೆ ಮುಟ್ಟಿದೆ. ನನ್ನದು ಇನ್ನೂ ಫೋನಿನಲ್ಲೇ ನಿಂತಿದೆ...